ಮೃದು ಭುಜ, ಎಚ್ಚರಿಕೆ

ಬಸ್ ನಿಲ್ದಾಣದಲ್ಲಿ ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ. ಟಿಕೆಟ್ ಕಿಟಕಿಗಳ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಸಿಗುವ ಪುಟ್ಟ ಗಾಜಿನ ಕೋಣೆ. ಅಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕೈತಪ್ಪಿ ಬಂದು ವಿಚಾರಣೆ ಕಿಟಕಿಯ ಹತ್ತಿರ ಅಳುತ್ತಿದೆ ಎಂದು ಹೇಳುವುದು ಅವಳ ಕೆಲಸ. ಪ್ರತಿ ಸಲವೂ "ದಯವಿಟ್ಟು ಗಮನಿಸಿ" ಎಂದೇ ಶುರು ಮಾಡಬೇಕು. ಹಾಗಾಗಿ ಅವಳಿಗೆ ಗಮನಿಸಿಯಕ್ಕ ಎಂಬ ಹೆಸರೇ ಅಂಟಿಕೊಂಡುಬಿಟ್ಟಿತ್ತು. ಡ್ರೈವರುಗಳು, ಕಂಡಕ್ಟರುಗಳು, ಹಣ್ಣಿನ ಗಾಡಿಯವರು ಎಲ್ಲರೂ ಹಾಗೇ ಕರೆಯುತ್ತಿದ್ದರು. ಮನೆಯಲ್ಲಿ ಗಂಡ ಕೂಡ, ಅವಳು ಚಪ್ಪಲಿ ಬಿಡುವ ಸದ್ದಿನಲ್ಲೇ ಸಿಟ್ಟು ಗುರುತಿಸಿ, "ದಯವಿಟ್ಟು ಗಮನಿಸಿ, ಗುಡುಗು ಬರ್ತಾ ಇದೆ" ಎಂದು ತನ್ನ ತಾಯಿಗೆ ಕಣ್ಸನ್ನೆ ಮಾಡುತ್ತಿದ್ದ.

ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇತ್ತು. ಆ ಕೋಣೆಗೆ ಅವಳು ಬಂದದ್ದೂ ಒಂದು ರೀತಿ ಆಕಸ್ಮಿಕ. ಮೊದಲು ಟಿಕೆಟ್ ಕಿಟಕಿಯಲ್ಲಿದ್ದಳು. ಹಳೆಯ ಅನೌನ್ಸರಿಗೆ ಗಂಟಲು ಕೈಕೊಟ್ಟಿತು ಎಂದು ಒಂದು ದಿನದ ಮಟ್ಟಿಗೆ ಮೇಲಕ್ಕೆ ಹತ್ತಿಸಿದರು. ಓದಬೇಕಾದ ಮಾತುಗಳನ್ನು ಕಚೇರಿಯವರು ಟೈಪ್ ಮಾಡಿ ಗಾಜಿಗೆ ಅಂಟಿಸಿದ್ದರು: "ಸದರಿ ವಾಹನವು ಶೀಘ್ರದಲ್ಲಿಯೇ ನಿರ್ಗಮಿಸಲಿದ್ದು, ಪ್ರಯಾಣಿಕರು ಆಸೀನರಾಗತಕ್ಕದ್ದು." ಅವಳು ಅದನ್ನು ಓದಿದಳು. ಓದಿ ಕೆಳಗೆ ನೋಡಿದರೆ, ಒಬ್ಬ ಮುದುಕಿ ಸೊಂಟದಲ್ಲಿ ಗಂಟು, ಕೈಯಲ್ಲಿ ಮೊಮ್ಮಗು ಹಿಡಿದುಕೊಂಡು, "ಏನಂದ್ರಪ್ಪಾ? ಏನಂದ್ರು?" ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದಳು. ಯಾರೋ ಅರ್ಥ ಹೇಳುವಷ್ಟರಲ್ಲಿ ಅವಳ ಬಸ್ಸು ಅವಳ ಮೂಗಿನ ಮುಂದೆಯೇ ಗೇಟು ದಾಟಿತು. ಗಮನಿಸಿಯಕ್ಕ ಆ ಕಾಗದವನ್ನು ಗಾಜಿನಿಂದ ಕಿತ್ತು ಮುದುರಿ ಎಸೆದಳು. ಮುಂದಿನ ಬಸ್ಸಿಗೆ, "ಹೊರಡ್ತಾ ಇದೆ, ಬೇಗ ಹತ್ಕೊಳ್ಳಿ" ಎಂದಳು. ನಿಲ್ದಾಣದ ಮ್ಯಾನೇಜರು ನೋಟೀಸು ಕೊಟ್ಟರು. "ಅರ್ಥ ಆಗದ್ದನ್ನ ಕೂಗೋಕೆ ನಾನ್ಯಾಕೆ ಸಾರ್? ಒಂದು ಗಂಟೆ ಕಟ್ಟಿ, ಬಾರಿಸ್ತೀನಿ" ಎಂದು ಅವಳು ನೋಟೀಸನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬಂದಳು. ಜನಕ್ಕೆ ಅವಳ ಮಾತು ಹಿಡಿಸಿತ್ತು. ಮ್ಯಾನೇಜರು ಸುಮ್ಮನಾದರು. ಒಂದು ದಿನದ ಕೆಲಸ ವರ್ಷಗಟ್ಟಲೆ ನಡೆಯಿತು.

ಗಂಡ ಬೇಕರಿಯ ವ್ಯಾನು ಓಡಿಸುತ್ತಿದ್ದ. ಅವನ ಪರಿಚಯವಾದದ್ದೂ ಮೈಕಿನಿಂದಲೇ. ನಿಲ್ದಾಣದ ಕ್ಯಾಂಟೀನಿಗೆ ಬ್ರೆಡ್ಡು ಇಳಿಸಲು ಬಂದವನು ಬಸ್ಸು ನಿಲ್ಲುವ ಜಾಗದಲ್ಲಿ ವ್ಯಾನು ನಿಲ್ಲಿಸಿದ್ದ. ಅವಳು ಊರಿಗೆಲ್ಲ ಕೇಳುವ ಹಾಗೆ ಬೈದಳು. ಅವನು ಒಂದು ಬನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, "ತಪ್ಪಾಯ್ತು, ಬಿಸಿ ಇದೆ, ತಿನ್ನಿ" ಎಂದ. ಅವನ ಸ್ವಭಾವವೇ ಹಾಗೆ. ಯಾರು ಏನಂದರೂ ಮೈಗೆ ಅಂಟಿಸಿಕೊಳ್ಳದ ಮನುಷ್ಯ. ಅವಳ ಬೆಂಕಿಗೆ ಅವನ ನೀರು ಸರಿಹೊಂದಿತು ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಬೇಕರಿಯಿಂದ ಆಚೆಯ ಊರುಗಳಿಗೆ ಹೋಗುವ ದಾರಿ ಕಾಲುವೆಯ ಪಕ್ಕದಲ್ಲೇ ಸಾಗುತ್ತದೆ. ಕಿರಿದಾದ ಟಾರು ರಸ್ತೆ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ಕಾಲುವೆ. ಕಾಲುವೆಯ ಕಡೆಯ ಅಂಚನ್ನು ಉದ್ದಕ್ಕೂ ಅಗೆದು, ದೊಡ್ಡ ಪೈಪು ಹೂತು, ಮೇಲೆ ಮಣ್ಣು ಮುಚ್ಚಿದರು. ಮಣ್ಣಿನ ಮೇಲೆ ತೆಳ್ಳಗೆ ಜಲ್ಲಿ ಉದುರಿಸಿ ಸಮ ಮಾಡಿದ್ದರಿಂದ ನೋಡುವವರ ಕಣ್ಣಿಗೆ ಅದು ಗಟ್ಟಿ ನೆಲವೇ. ಅಲ್ಲೊಂದು ಹಳದಿ ಬೋರ್ಡು ನೆಟ್ಟರು. ಕಪ್ಪು ಅಕ್ಷರ, ಅಂದವಾಗಿತ್ತು: "ಮೃದು ಭುಜ. ಎಚ್ಚರಿಕೆ."

ಅಂದು ಊಟಕ್ಕೆ ಕೂತಾಗ ಗಂಡ ನಗುತ್ತಾ ಹೇಳಿದ, "ಕಾಲುವೆ ರಸ್ತೆಗೆ ಹೊಸ ಬೋರ್ಡು ಬಂದಿದೆ ಕಣೇ. ಮೃದು ಭುಜ, ಎಚ್ಚರಿಕೆ ಅಂತೆ. ಯಾರ ಭುಜಾನೋ, ಎಷ್ಟು ಮೃದುವೋ!"

"ನೋವಿನ ಎಣ್ಣೆ ಮಾರೋರು ಹಾಕಿರ್ಬೇಕು" ಎಂದರು ಅತ್ತೆ.

"ಎಣ್ಣೆಗೆ ಎಚ್ಚರಿಕೆ ಯಾಕಮ್ಮಾ?"

"ಜಾಸ್ತಿ ಹಚ್ಚಬಾರದು ಅಂತ."

ಗಮನಿಸಿಯಕ್ಕನಿಗೂ ನಗು ತಡೆಯಲಾಗಲಿಲ್ಲ. ತುತ್ತು ನೆತ್ತಿಗೇರಿ ಕೆಮ್ಮಿದಳು. ಮಾರನೆಯ ದಿನ ಕಂಡಕ್ಟರುಗಳಿಗೂ ಹೇಳಿ ನಗಿಸಿದಳು. ಆ ಬೋರ್ಡಿನ ಪಕ್ಕದಲ್ಲಿ ತಮ್ಮ ಭುಜ ತೋರಿಸಿ ಫೋಟೊ ತೆಗೆಸಿಕೊಂಡವರೂ ಇದ್ದರು.

ವ್ಯಾನು ಉರುಳಿದ್ದು ಒಂದು ಬೆಳಿಗ್ಗೆ. ಎದುರಿನಿಂದ ನೀರಿನ ಟ್ಯಾಂಕರು ನಡುರಸ್ತೆಯಲ್ಲೇ ನುಗ್ಗಿ ಬಂತು. ಯಾವ ಡ್ರೈವರಾದರೂ ಮಾಡುವುದನ್ನೇ ಅವನೂ ಮಾಡಿದ. ಎಡಕ್ಕೆ ಸರಿದ. ಎಡಗಡೆಯ ಚಕ್ರಗಳು ಟಾರು ಬಿಟ್ಟು ಇಳಿದದ್ದೇ ತಡ, ಅಡಿಯ ಮಣ್ಣು ಹಿಟ್ಟಿನಂತೆ ಕುಸಿಯಿತು. ವ್ಯಾನು ಒಂದು ಕ್ಷಣ ವಾಲಿಕೊಂಡು ನಿಂತು, ಆಮೇಲೆ ನಿಧಾನವಾಗಿ ಮಗ್ಗುಲಾಗಿ ಕಾಲುವೆಗೆ ಬಿತ್ತು. ಟ್ಯಾಂಕರು ನಿಲ್ಲಲೇ ಇಲ್ಲ. ಗದ್ದೆಯಲ್ಲಿದ್ದವರು ಓಡಿ ಬಂದಾಗ ಬ್ರೆಡ್ಡುಗಳು ನೀರಿನಲ್ಲಿ ತೇಲುತ್ತಿದ್ದವು. ಅವನು ಪೆಡಲಿನ ಅಡಿ ಸಿಕ್ಕಿಕೊಂಡ ಕಾಲನ್ನು ಎಳೆದುಕೊಳ್ಳಲಾಗದೆ, ಮೂಗಿನವರೆಗೆ ಬಂದ ನೀರಿನಲ್ಲಿ ಕತ್ತು ಮೇಲೆತ್ತಿ ಹಿಡಿದುಕೊಂಡಿದ್ದ.

ನಿಲ್ದಾಣದಲ್ಲಿದ್ದವರಿಗೆ ಆ ಹೊತ್ತು ಚೆನ್ನಾಗಿ ನೆನಪಿದೆ. "ದಯವಿಟ್ಟು ಗಮ" ಎಂದಿತು ಮೈಕು. ಆಮೇಲೆ ಏನೂ ಇಲ್ಲ. ಮೆಟ್ಟಿಲ ಮೇಲೆ ಧಡಧಡ ಸದ್ದು ಕೇಳಿತು. ಸುದ್ದಿ ತಂದ ಕಂಡಕ್ಟರನ್ನು ಹಿಂದೆ ಬಿಟ್ಟು ಅವಳು ಬರಿಗಾಲಿನಲ್ಲಿ ಓಡುತ್ತಿದ್ದಳು.

ತೊಡೆಯ ಮೂಳೆ ಮುರಿದಿತ್ತು. ಒಳಗೆ ಕಂಬಿ ಹಾಕಿದರು. ಬದುಕಿದ್ದಾನಲ್ಲ ಎಂಬ ಸಮಾಧಾನದಲ್ಲಿ ಮೊದಲ ದಿನಗಳು ಕಳೆದವು. ನೋಡಲು ಬಂದವರು ಬಾಗಿಲಲ್ಲೇ, "ಏನಪ್ಪಾ, ಭುಜ ಗಟ್ಟಿಯಾಗಿದೆ ತಾನೆ?" ಎಂದು ನಗಿಸುತ್ತಿದ್ದರು. ಅವನೂ ನಗುತ್ತಿದ್ದ. ಅತ್ತೆ ಮಾತ್ರ ಆ ಮಾತನ್ನು ನಿಜವೆಂದೇ ಹಿಡಿದು, ಮಗನ ಎರಡೂ ಭುಜ ಸವರಿ ನೋಡಿ, "ಇಲ್ಲೇನೂ ಆಗಿಲ್ಲ, ಸದ್ಯ" ಎಂದು ನಿಟ್ಟುಸಿರು ಬಿಟ್ಟರು.

ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಅಪಘಾತದ ವರದಿಯ ಪ್ರತಿ ಬಂತು. ಗಮನಿಸಿಯಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಗಟ್ಟಿಯಾಗಿ ಓದಿದಳು. "ಸದರಿ ಸ್ಥಳದಲ್ಲಿ ಎಚ್ಚರಿಕೆ ಫಲಕವಿದ್ದಾಗ್ಯೂ, ಚಾಲಕನು ಅದನ್ನು ನಿರ್ಲಕ್ಷಿಸಿ, ವಾಹನವನ್ನು ಭುಜಕ್ಕೆ ಇಳಿಸಿದ್ದರಿಂದ..." ಅಲ್ಲಿಗೆ ನಿಂತಳು. ಮತ್ತೆ ಓದಿದಳು. ವಿಚಾರಣೆ ಮುಗಿಯುವವರೆಗೆ ಅವನ ಲೈಸೆನ್ಸು ತಡೆಹಿಡಿಯಲಾಗಿದೆ ಎಂದಿತ್ತು ಕೊನೆಯ ಸಾಲು. ಅದು ಅವಳ ಕಣ್ಣಿಗೆ ಬಿತ್ತೋ ಇಲ್ಲವೋ.

"ಭುಜಕ್ಕೆ ಇಳಿಸಿದ್ದು ಅಂದ್ರೆ ಏನ್ರೀ?"

"ಬಿಡೇ, ಅವರ ಭಾಷೆ."

"ಅಂಚು! ರಸ್ತೆ ಅಂಚು! ಅದಕ್ಕೆ ಭುಜ ಅಂದಿದಾರೆ ಇವರು! ಅಂಚು ಮೆತ್ತಗಿದೆ, ಇಳೀಬೇಡಿ ಅಂತ ಬೋರ್ಡು ಹಾಕಿದಾರೆ ರೀ ಅದು!" ಅವಳು ವರದಿಯನ್ನು ನೆಲಕ್ಕೆ ಎಸೆದಳು. "ನಾವು ನಕ್ವಲ್ಲ. ಇಲ್ಲೇ ಕೂತು ನಕ್ವಲ್ಲ!"

ಮೊದಲ ಸಲ ಗಂಡನ ಮುಖದಲ್ಲಿ ನಗುವಿರಲಿಲ್ಲ. ಮೂಗಿನವರೆಗೆ ನೀರು ಬಂದಿದ್ದ ಆ ಹೊತ್ತೆಲ್ಲ ತಾನೇನು ತಪ್ಪು ಮಾಡಿದೆ ಎಂದು ಯೋಚಿಸುತ್ತಿದ್ದೆ ಎಂದು ಆಮೇಲೆ ಅವಳಿಗೆ ಹೇಳಿದ.

ಮಾರನೆಯ ದಿನವೇ ರಸ್ತೆ ಇಲಾಖೆಯ ಇಂಜಿನಿಯರ ಎದುರು ನಿಂತಳು. ತಂಪು ಕೋಣೆ, ಗೋಡೆಯ ತುಂಬ ನಕ್ಷೆ. ಇಂಜಿನಿಯರು ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ. ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ನೋಡಿಯಮ್ಮ, ರಸ್ತೆ ಪಕ್ಕದ ಪಟ್ಟಿಗೆ ನಾವು ಶೋಲ್ಡರ್ ಅಂತೀವಿ. ಅದಕ್ಕೆ ಕನ್ನಡದಲ್ಲಿ ಭುಜ."

"ಯಾವ ಕನ್ನಡದಲ್ಲಿ ಸಾರ್?"

"ಭುಜ ಅಂದ್ರೆ ಬದಿ ಅಂತಾನೂ ಅರ್ಥ ಇದೆ. ಶಾಲೇಲಿ ತ್ರಿಭುಜ ಓದಿಲ್ವಾ? ಮೂರು ಭುಜ, ಮೂರು ಬದಿ."

"ನನ್ನ ಗಂಡ ವ್ಯಾನು ಓಡಿಸ್ತಿದ್ದದ್ದು ರಸ್ತೆ ಮೇಲೆ. ತ್ರಿಭುಜದ ಮೇಲಲ್ಲ."

ಇಂಜಿನಿಯರು ಕನ್ನಡಕ ತೆಗೆದು ಒರೆಸಿದರು. "ಬೋರ್ಡು ಹಾಕೋದು ನಮ್ಮ ಕೆಲಸ, ಹಾಕಿದೀವಿ. ಓದಿ ತಿಳ್ಕೊಳ್ಳೋದು ಡ್ರೈವರ್ ಕೆಲಸ. ಇದಕ್ಕಿಂತ ಹೆಚ್ಚಿಗೆ ನಾನೇನು ಹೇಳ್ಲಿ?"

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಎತ್ತಿದರು. "ಹೂಂ... ಕಾಲುವೆ ರಸ್ತೆಗಾ? ಹೋಗ್ಬರ್ಲಿ. ಆದ್ರೆ ನಮ್ಮ ಜೀಪಿನವನಿಗೆ ಹೇಳ್ಬಿಡಿ, ಅಂಚಿಗೆ ಇಳಿಸ್ಬೇಡ ಅಂತ. ಮಣ್ಣು ಇನ್ನೂ ಹಸೀನೇ ಇದೆ, ಕುಸಿದು ಹೋಗುತ್ತೆ." ಫೋನು ಇಟ್ಟರು.

ಗಮನಿಸಿಯಕ್ಕ ಅವರನ್ನೇ ನೋಡುತ್ತಿದ್ದಳು. ತಮ್ಮ ಜೀಪಿಗೆ ಬೇಕಾದಾಗ ಈ ಮನುಷ್ಯನ ಬಾಯಲ್ಲಿ ಅಂಚು, ಮಣ್ಣು, ಹಸಿ, ಕುಸಿ ಎಲ್ಲವೂ ಎಷ್ಟು ಸಲೀಸಾಗಿ ಬಂದವು! "ಈಗ ಹೇಳಿದ್ರಲ್ಲ, ಅದನ್ನೇ ಬೋರ್ಡಿಗೆ ಬರೆಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು. ಇಂಜಿನಿಯರು ಬಾಗಿಲ ಕಡೆ ನೋಡಿ, "ಮುಂದಿನವರನ್ನ ಕಳಿಸಪ್ಪಾ" ಎಂದರು. ಅವರಿಗೆ ನಾಚಿಕೆಯೂ ಆಗಲಿಲ್ಲ, ಕೋಪವೂ ಬರಲಿಲ್ಲ. ಅವಳ ಮಾತು ಗೋಡೆಗೆ ಎಸೆದ ಚೆಂಡಿನ ಹಾಗೆ ಅವಳ ಕೈಗೇ ವಾಪಸು ಬಂತು.

ಆ ಬಿಸಿಯಲ್ಲೇ ಹೋಗಿ ಬೋರ್ಡು ಬರೆದವನ ಅಂಗಡಿಗೆ ನುಗ್ಗಿದಳು. ಅವನು ಅಂಗಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದು ಶಾಲೆಯ ಹೆಸರು ಬರೆಯುತ್ತಿದ್ದ. ಅವಳು ಬೈದ ಬೈಗುಳಕ್ಕೆ ಕುಂಚ ಜಾರಿ ಒಂದು ಅಕ್ಷರದ ಬಾಲ ಉದ್ದವಾಯಿತು.

"ಅಕ್ಕಾ, ಅಕ್ಕಾ, ಒಂದ್ನಿಮಿಷ. ನಾನು ಅಕ್ಷರ ಬರೀತೀನಿ, ಅರ್ಥ ಬರಿಯಲ್ಲ. ಕೊಟ್ಟಿದ್ದಕ್ಕಿಂತ ಒಂದು ಚುಕ್ಕೆ ಹೆಚ್ಚಾದ್ರೂ ಬೋರ್ಡು ವಾಪಸ್ ಕಳಿಸ್ತಾರೆ. ಮೃದು ಭುಜ ಅಂತ ನೋಡ್ದಾಗ ನಾನೂ ಕೇಳ್ದೆ, ಇದೇನು ಸಾರ್ ಅಂತ. ಭಾಷಾಂತರ ವಿಭಾಗದಿಂದ ಬಂದಿದೆ, ನೀನು ಬಾಯ್ಮುಚ್ಕೊಂಡು ಬರಿ ಅಂದ್ರು."

ಬೈದದ್ದು ದಂಡವಾಯಿತು ಎಂದು ಅವಳಿಗೆ ಅನಿಸಿತು. ಆದರೂ ಕ್ಷಮೆ ಕೇಳಲಿಲ್ಲ. ಅದು ಅವಳ ಜಾಯಮಾನದಲ್ಲಿರಲಿಲ್ಲ. "ಬಾಲ ಒರೆಸ್ಕೋ" ಎಂದಷ್ಟೇ ಹೇಳಿ ಹೊರಟಳು.

ಭಾಷಾಂತರ ವಿಭಾಗ ಒಂದು ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಅನುವಾದಕರು ನಡುವಯಸ್ಸಿನ, ಕೃಶ ದೇಹದ ಮನುಷ್ಯ. ಮೇಜಿನ ಮೇಲೆ ಬೆನ್ನು ಕಿತ್ತುಹೋದ ನಿಘಂಟುಗಳು. ಅವಳು ಒಬ್ಬ ಮೂರ್ಖನನ್ನು ಎದುರಿಸಲು ಸಿದ್ಧವಾಗಿ ಬಂದಿದ್ದಳು. ಆದರೆ ಅವರು ಎದ್ದು ನಿಂತು, ಫ್ಯಾನು ಅವಳ ಕಡೆಗೆ ತಿರುಗಿಸಿ, ವಿಷಯ ಕೇಳಿದ ಕೂಡಲೇ ಬಿಳಿಚಿಕೊಂಡರು.

"ಅದು ನಾನೇ ಮಾಡಿದ್ದು" ಎಂದರು. "ಬರಿಯ ಪದಗಳು ಬಂದಿದ್ದವು, ಯಾವುದು ಎಲ್ಲಿಗೆ ಅಂತ ಇರ್ಲಿಲ್ಲ. ಮೊದಲು ಮೃದು ಹೆಗಲು ಅಂತ ಹಾಕಿದ್ದೆ. ಹೆಗಲು ನಮ್ಮ ಅಚ್ಚಗನ್ನಡದ ಪದ ನೋಡಿ. ಹಳಗನ್ನಡದಲ್ಲಿ ಪೆಗಲ್. ಪಾಲ್ ಹಾಲಾದ ಹಾಗೆ, ಪೂ ಹೂವಾದ ಹಾಗೆ, ಪೆಗಲ್ ಹೆಗಲಾಯ್ತು. ಆದ್ರೆ ಬೋರ್ಡಿಗೆ ಅದು ತೀರ ಮನೆಮಾತಾಯ್ತೇನೋ ಅಂತ ಭುಜ ಅಂದೆ." ಮಾತಿಗೆ ತೊಡಗಿದ ಮೇಲೆ ಅವರ ಮುಖಕ್ಕೆ ಕಳೆ ಬಂದಿತ್ತು. "ಭುಜ ಸಂಸ್ಕೃತದ್ದು. ಬಾಗು, ಬಳುಕು ಅನ್ನೋ ಧಾತುವಿನಿಂದ ಬಂದಿದೆ. ಬಳುಕ್ತಾ ಹೋಗೋದ್ರಿಂದ ಹಾವು ಭುಜಂಗ. ಅಲ್ಲಿ ಭುಜ ಅಂದ್ರೆ ಇಡೀ ತೋಳು. ನಮ್ಮ ಕಡೆ ಬಂದು ಅದು ಮೇಲಕ್ಕೆ ಹತ್ತಿ ಹೆಗಲ ಮೇಲೆ ಕೂತುಬಿಡ್ತು. ಇಂಗ್ಲಿಷಿನವರು ಇನ್ನೊಂದು ಥರ. ರಸ್ತೇನ ಒಂದು ಮೈ ಅಂದ್ಕೊಂಡಿದಾರೆ. ನಡು ಎತ್ತರ, ಕತ್ತಿನ ಹಾಗೆ. ಪಕ್ಕ ಇಳಿಜಾರು, ಹೆಗಲಿನ ಹಾಗೆ. ಅದಕ್ಕೇ ಶೋಲ್ಡರ್. ಎಷ್ಟು ಚೆನ್ನಾಗಿದೆ ಅಲ್ವಾ?"

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಯಾವುದು?"

"ಅದು ರಸ್ತೆ ಅಂಚು ಅನ್ನೋದು."

ಅನುವಾದಕರ ಮುಖದ ಕಳೆ ಹೋಯಿತು. "ಆಮೇಲೆ. ಮನಸ್ಸು ತಡೀದೆ ಹುಡುಕಿ ನೋಡ್ದೆ. ಅಷ್ಟರಲ್ಲಿ ಕಳಿಸಿಯಾಗಿತ್ತು."

"ಗೊತ್ತಾದ ಮೇಲೆ ಯಾರಿಗೆ ಹೇಳಿದ್ರಿ?"

ಅನುವಾದಕರು ಒಂದು ನಿಘಂಟನ್ನು ಮುಚ್ಚಿ ಪಕ್ಕಕ್ಕೆ ಸರಿಸಿದರು.

"ನಾನು ಕೇಳ್ತಾ ಇದೀನಿ. ಯಾರಿಗೆ ಹೇಳಿದ್ರಿ?"

"ತಪ್ಪಾಗಿದೆ ಅಂತ ಬರೆದು ಕಳಿಸಿದ್ರೆ... ವಿವರಣೆ ಕೇಳ್ತಾರಮ್ಮ. ಮೇಲಿನವರು... ಮತ್ತೆ, ಯಾರಾದ್ರೂ ಡ್ರೈವರಿಗೆ ಗೊತ್ತಾಗ್ದೇ ಇರುತ್ತಾ ಅಂತ ಅಂದ್ಕೊಂಡೆ."

ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಪದದ ಅಜ್ಜ ಮುತ್ತಜ್ಜ ಎಲ್ಲರ ಹೆಸರೂ ಗೊತ್ತು ನಿಮಗೆ. ಹಾವಿನ ಕಥೆ ಗೊತ್ತು, ತೋಳಿನ ಕಥೆ ಗೊತ್ತು. ನನ್ನ ಗಂಡ ಮೂಗಿನವರೆಗೆ ನೀರಲ್ಲಿ ಸಿಕ್ಕೊಂಡು ತಪ್ಪು ನಂದೇ ಇರ್ಬೇಕು ಅಂತ ಕೊರಗ್ತಿದ್ದ! ಗೊತ್ತಿಲ್ದೆ ಬರೆದ್ರಿ, ಆಯ್ತು, ಮನುಷ್ಯರು, ತಪ್ಪಾಗುತ್ತೆ. ಗೊತ್ತಾದ ಮೇಲೆ ಬಾಯಿಗೇನಾಗಿತ್ತು ನಿಮಗೆ?" ಪಕ್ಕದ ಕೋಣೆಗಳಿಂದ ತಲೆಗಳು ಇಣುಕಿದವು. ಮೈಕಿಲ್ಲದೆಯೂ ಅವಳ ದನಿ ಮಹಡಿಯ ತುದಿಯವರೆಗೆ ಹೋಗುತ್ತಿತ್ತು. "ನನ್ನ ಗಂಡನ ವಿಚಾರಣೆಗೆ ಬನ್ನಿ. ಬಂದು ಇದನ್ನೇ ಹೇಳಿ. ಬೇರೆ ಏನೂ ಬೇಡ ನನಗೆ."

"ಬರ್ತೀನಿ" ಎಂದರು ಅವರು, ಮೇಜು ನೋಡುತ್ತಾ.

ಮನೆಗೆ ನಡೆದೇ ಬಂದಳು. ದಾರಿಯುದ್ದಕ್ಕೂ ಅವಳನ್ನು ಕೊರೆದದ್ದು ಆ ಮನುಷ್ಯನ ಮಾತಷ್ಟೇ ಆಗಿರಲಿಲ್ಲ. ಆ ಬೋರ್ಡನ್ನು ಇಡೀ ಊರು ಓದಿತ್ತು. ಇದೇನು ಎಂದು ಒಬ್ಬರೂ ಕೇಳಿರಲಿಲ್ಲ. ದಿನವೂ ಮೈಕಿನ ಮುಂದೆ ಕೂರುವ ತಾನೂ ಅದನ್ನೊಂದು ಜೋಕು ಮಾಡಿ ಕಂಡಕ್ಟರುಗಳನ್ನು ನಗಿಸಿದ್ದಳು. ಸಿಟ್ಟು ಈಗ ಅವಳ ಕಡೆಗೂ ತಿರುಗಿತ್ತು. ಹಾಗೆ ತಿರುಗಿದ್ದರಿಂದ ಇನ್ನಷ್ಟು ಉರಿಯಿತು.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋದವಳು ಗಾಜಿನ ಕೋಣೆಯ ಚಿಲಕ ಒಳಗಿನಿಂದ ಹಾಕಿಕೊಂಡಳು. ಕಾಲುವೆ ರಸ್ತೆಯ ಮೊದಲ ಬಸ್ಸು ಬಂದು ನಿಂತಿತು. ಗುಂಡಿ ಒತ್ತಿದಳು.

"ದಯವಿಟ್ಟು ಗಮನಿಸಿ. ಕಾಲುವೆ ರಸ್ತೆಯಲ್ಲಿ ಹೋಗುವ ಎಲ್ಲ ಡ್ರೈವರುಗಳೇ. ಅಲ್ಲಿ ಮೃದು ಭುಜ ಅಂತ ಒಂದು ಹಳದಿ ಬೋರ್ಡು ಇದೆ. ಅದು ಎಣ್ಣೆಯ ಜಾಹೀರಾತಲ್ಲ. ರಸ್ತೆ ಅಂಚಿನ ಮಣ್ಣು ಮೆತ್ತಗಿದೆ, ಚಕ್ರ ಇಳಿಸಿದರೆ ಕುಸಿಯುತ್ತೆ, ಗಾಡಿ ಕಾಲುವೆಗೆ ಬೀಳುತ್ತೆ. ನನ್ನ ಗಂಡನ ಗಾಡಿ ಬಿದ್ದಿದೆ. ಇದರ ಅರ್ಥ ಬರೆದವರಿಗೆ ಗೊತ್ತು, ಬರೆಸಿದವರಿಗೆ ಗೊತ್ತು. ಓದೋ ನಮಗೆ ಮಾತ್ರ ಗೊತ್ತಿರ್ಲಿಲ್ಲ. ಮತ್ತೊಮ್ಮೆ, ದಯವಿಟ್ಟು ಗಮನಿಸಿ."

ಕೆಳಗೆ ಜನರೆಲ್ಲ ಕತ್ತೆತ್ತಿ ಗಾಜಿನ ಕೋಣೆಯ ಕಡೆ ನೋಡಿದರು. ಹಣ್ಣಿನವನು ತಕ್ಕಡಿ ಹಿಡಿದವನು ಹಿಡಿದೇ ನಿಂತ. ಮ್ಯಾನೇಜರು ಮೆಟ್ಟಿಲು ಹತ್ತಿ ಬಂದು ಗಾಜು ಬಡಿದರು. ಅವಳು ಬಾಗಿಲು ತೆಗೆಯಲಿಲ್ಲ. ಆ ದಿನ ಕಾಲುವೆ ರಸ್ತೆಯ ಒಂದೊಂದು ಬಸ್ಸು ಹೊರಡುವಾಗಲೂ ಅದನ್ನೇ ಹೇಳಿದಳು. ಉಳಿದ ಬಸ್ಸುಗಳ ಒಂದೇ ಒಂದು ಸೂಚನೆಯನ್ನೂ ತಪ್ಪಿಸಲಿಲ್ಲ. ಪಾಳಿ ಮುಗಿದ ಮೇಲೆ ಚಿಲಕ ತೆಗೆದಳು.

"ಏನ್ರೀ ಇದು? ಇಲಾಖೆ ಮೈಕು ನಿಮ್ಮ ಮನೆ ಜಗಳಕ್ಕಾ?" ಮ್ಯಾನೇಜರು ಬೆವೆತಿದ್ದರು.

"ನಮ್ಮ ಬಸ್ಸುಗಳೂ ಅದೇ ರಸ್ತೇಲಿ ಹೋಗ್ತವೆ ಸಾರ್. ಒಂದರಲ್ಲಿ ನಿಮ್ಮ ಅಕ್ಕನ ಮಗಳು ಕಾಲೇಜಿಗೆ ಹೋಗ್ತಾಳೆ."

ಮ್ಯಾನೇಜರು ಬೆವರು ಒರೆಸಿಕೊಂಡು ಕೆಳಗಿಳಿದರು. ಆದರೂ ಕಚೇರಿಯ ಕ್ರಮ ನಿಲ್ಲುತ್ತದೆಯೇ? ಅವಳನ್ನು ಮೈಕಿನಿಂದ ಎತ್ತಿ, ಬಸ್ಸಿನಲ್ಲಿ ಮರೆತುಹೋದ ಸಾಮಾನು ಇಡುವ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ. ಛತ್ರಿಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು. ಮೈಕಿನಲ್ಲಿ ಹೊಸ ಹುಡುಗಿಯ ದನಿ "ಸದರಿ ವಾಹನವು" ಎಂದಾಗಲೆಲ್ಲ ಗಮನಿಸಿಯಕ್ಕ ಒಂದು ಡಬ್ಬಿಯನ್ನು ಟಪ್ಪೆಂದು ಕುಕ್ಕುತ್ತಿದ್ದಳು.

ವಿಚಾರಣೆಯ ದಿನ ಗಂಡ ಊರುಗೋಲು ಹಿಡಿದು ಬಂದ. ಅಧಿಕಾರಿ ಒಬ್ಬ ಮುಂಗೋಪದ ಹೆಂಗಸು. ಸುತ್ತುಬಳಸಿ ಮಾತಾಡುವವರನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ.

"ಬೋರ್ಡು ನೋಡಿದ್ರಾ?"

"ನೋಡಿದ್ದೆ ಮೇಡಂ. ದಿನಾ ನೋಡ್ತಿದ್ದೆ."

"ಓದಿದ್ರಾ?"

"ಓದಿ ನಗ್ತಿದ್ದೆ ಮೇಡಂ."

ಇಂಜಿನಿಯರ ಕಡೆಯವನು ಬರೆದುಕೊಂಡ. ಗಮನಿಸಿಯಕ್ಕ ಬಾಗಿಲ ಕಡೆ ನೋಡಿದಳು. ಅನುವಾದಕರು ಬಂದಿರಲಿಲ್ಲ. ಬದಲಿಗೆ ಬಸ್ಸಿನ ಡ್ರೈವರುಗಳು ಬಂದಿದ್ದರು. ಕಾಲುವೆ ರಸ್ತೆಯಲ್ಲಿ ಓಡುವವರು, ಖಾಕಿ ಅಂಗಿಯಲ್ಲೇ, ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಅವಳು ಯಾರನ್ನೂ ಕರೆದಿರಲಿಲ್ಲ.

"ನಮ್ಮನ್ನೂ ಕೇಳಿ ಮೇಡಂ" ಎಂದ ಅವರಲ್ಲಿ ಹಿರಿಯ.

ಅಧಿಕಾರಿ ಒಬ್ಬೊಬ್ಬರನ್ನೂ ಕೇಳಿದರು. ಒಬ್ಬ ಅದನ್ನು ಮೂಳೆ ಡಾಕ್ಟರ ಬೋರ್ಡು ಎಂದುಕೊಂಡಿದ್ದ. ಇನ್ನೊಬ್ಬ ಅದು ಮುಂದಿನ ಹಳ್ಳಿಯ ಹೆಸರಿರಬೇಕು ಎಂದು ತಿಳಿದಿದ್ದ. "ನಾನು ಕಿಟಕಿಯಿಂದ ಕೈ ಆಚೆ ಹಾಕಬಾರದು ಅಂತಿರ್ಬೇಕು ಅಂದ್ಕೊಂಡೆ, ಅಲ್ಲಿ ಬಂದಾಗೆಲ್ಲ ಕೈ ಒಳಗೆ ಎಳ್ಕೊಳ್ತಿದ್ದೆ" ಎಂದ ಮತ್ತೊಬ್ಬ, ಪ್ರಾಮಾಣಿಕವಾಗಿ. ಹಿರಿಯ ಡ್ರೈವರು ಮಾತ್ರ, "ನಮ್ಮ ಅಕ್ಕ ಮೈಕಲ್ಲಿ ಹೇಳೋವರೆಗೆ ನನಗೂ ಗೊತ್ತಿರ್ಲಿಲ್ಲ. ಹಿಂದಿನ ವಾರವೇ ಟ್ರ್ಯಾಕ್ಟರಿಗೆ ದಾರಿ ಬಿಡೋಕೆ ನಾನೂ ಅಂಚಿಗೆ ಇಳಿಸೋನಿದ್ದೆ, ಅಕ್ಕನ ಮಾತು ನೆನಪಾಗಿ ನಿಲ್ಲಿಸ್ದೆ. ಬಸ್ಸು ತುಂಬ ಜನ ಇದ್ರು" ಎಂದ. ಮುಂದೆ ಮಾತು ಬೇಕಾಗಲಿಲ್ಲ.

ಲೈಸೆನ್ಸು ವಾಪಸು ಬಂತು. ನಿರ್ಲಕ್ಷ್ಯ ಎಂಬ ಮಾತನ್ನು ಕಾಗದದಿಂದ ತೆಗೆದರು. ಫಲಕದ ಭಾಷೆಯನ್ನು ಸರಿಪಡಿಸತಕ್ಕದ್ದು ಎಂದು ಅಧಿಕಾರಿ ಬರೆದರು. ಹೊರಗೆ ಬಂದು ಗಂಡ ಡ್ರೈವರುಗಳ ಕೈ ಹಿಡಿದುಕೊಂಡು ಅತ್ತ. ಗಮನಿಸಿಯಕ್ಕ ಅಳಲಿಲ್ಲ. "ಆ ಭಾಷಾಂತರದವನು ಬರ್ತೀನಿ ಅಂದಿದ್ದ. ಬರ್ಲಿಲ್ಲ ನೋಡಿ" ಎಂದಳು. ದಿನವಿಡೀ ಅವಳಿಗೆ ಅದೊಂದೇ.

ಹೊಸ ಬೋರ್ಡು ಬರಲು ತಡವಾಗಲಿಲ್ಲ. ಹಿರಿಯ ಡ್ರೈವರು ಸಾಮಾನಿನ ಕೋಣೆಗೆ ಬಂದು, ಹೇಳಲೋ ಬೇಡವೋ ಎಂದು ತಲೆ ಕೆರೆದುಕೊಂಡು ಹೇಳಿದ. "ಮೃದು ಪಾರ್ಶ್ವ. ಎಚ್ಚರಿಕೆ."

ಮನೆಯಲ್ಲಿ ಅದನ್ನು ಕೇಳಿದ ಅತ್ತೆ, "ಅಲ್ಲೇನು ಪಾರ್ಶ್ವವಾಯು ಆಸ್ಪತ್ರೆ ಕಟ್ತಿದಾರಾ?" ಎಂದರು. ಈ ಸಲ ಯಾರೂ ನಗಲಿಲ್ಲ. ಗಮನಿಸಿಯಕ್ಕ ತಟ್ಟೆ ಸರಿಸಿ ಎದ್ದಳು. ಒಂದು ಡಬ್ಬಿ ಕಪ್ಪು ಬಣ್ಣ ಕೊಂಡು, ರ‍ಜಾ ದಿನ ಸುಡುಬಿಸಿಲಿನಲ್ಲಿ ಕಾಲುವೆ ರಸ್ತೆಗೆ ಹೊರಟಳು. ದಾರಿಯಲ್ಲಿ ಬೋರ್ಡು ಬರೆಯುವವನ ಅಂಗಡಿ. ಅವಳ ಕೈಯಲ್ಲಿದ್ದ ಡಬ್ಬಿ ನೋಡಿದ, ಮುಖ ನೋಡಿದ.

"ಎಲ್ಲಿಗೆ ಅಂತ ಕೇಳಲ್ಲ. ಆದ್ರೆ ನೀವು ಬರೆದ್ರೆ ಸೊಟ್ಟಗೆ ಬರುತ್ತೆ ಅಕ್ಕಾ. ತಡೀರಿ" ಎಂದು ಕುಂಚಗಳ ಕಟ್ಟು ಎತ್ತಿಕೊಂಡ.

ಬೋರ್ಡನ್ನು ಅವರು ಮುಟ್ಟಲಿಲ್ಲ. ಅದರ ಪಕ್ಕದಲ್ಲಿದ್ದ ಖಾಲಿ ಟಾರಿನ ಡ್ರಮ್ಮಿಗೆ ಸುಣ್ಣ ಬಳಿದು, ದೂರಕ್ಕೂ ಕಾಣುವಂಥ ಅಕ್ಷರದಲ್ಲಿ ಅವನು ಬರೆದ: "ಅಂಚು ಕುಸಿಯುತ್ತೆ. ಗಾಡಿ ಇಳಿಸಬೇಡಿ." ಹೇಳಿದವಳು ಅವಳು. ಕುಸಿಯುತ್ತದೆ ಎಂದು ಬರೆಯಲೇ ಎಂದು ಅವನು ಕೇಳಿದ್ದಕ್ಕೆ, "ಅಷ್ಟು ಓದೋವಷ್ಟರಲ್ಲಿ ಬಿದ್ದಿರ್ತಾರೆ" ಎಂದಳು. ಇಲಾಖೆಯವರು ಆ ಡ್ರಮ್ಮನ್ನು ನೋಡಿದರೋ ಇಲ್ಲವೋ, ತೆಗೆಸಲಂತೂ ಇಲ್ಲ.

ಗಂಡ ಮತ್ತೆ ವ್ಯಾನು ಹತ್ತಿದ. ಕಾಲು ಸ್ವಲ್ಪ ಎಳೆಯುತ್ತಿತ್ತು. ಹಳೆಯ ನಗುವೂ ಸ್ವಲ್ಪಸ್ವಲ್ಪ ವಾಪಸು ಬರುತ್ತಿತ್ತು. ಒಂದು ಸಂಜೆ ಚಹಾ ಕುಡಿಯುತ್ತಾ, "ಲೈಸೆನ್ಸು ಬಂತು, ಕೆಲಸ ಬಂತು. ನಿನ್ನ ಸಿಟ್ಟು ಇನ್ನೂ ಎಷ್ಟು ದಿನ ಕಣೇ?" ಎಂದ.

"ಆ ಮಣ್ಣು ಗಟ್ಟಿಯಾಗೋವರೆಗೆ."

ಬರಿಮಾತಿಗೆ ಹೇಳಿದ್ದಲ್ಲ. ಬೋರ್ಡಿನ ಮಾತು ಹಿಡಿದುಕೊಂಡು ಜಗಳವಾಡುವಾಗ, ಆ ಮಣ್ಣನ್ನು ಸರಿಯಾಗಿ ಅದುಮಿದ್ದರೆ ಬೋರ್ಡೇ ಬೇಕಿರಲಿಲ್ಲ ಎಂಬುದು ಎಲ್ಲರಿಗೂ ಮರೆತುಹೋಗಿತ್ತು, ಅವಳಿಗೂ. ಅದು ಹೊಳೆದ ಮೇಲೆ ವಾರಕ್ಕೊಮ್ಮೆ ಇಂಜಿನಿಯರ ಕೋಣೆಯ ಬಾಗಿಲಲ್ಲಿ ನಿಲ್ಲುವುದು ಅವಳ ರೂಢಿಯಾಯಿತು. ಒಳಗೆ ಹೋಗುತ್ತಿರಲಿಲ್ಲ, ಕೂರುತ್ತಿರಲಿಲ್ಲ. "ರೋಲರ್ ಯಾವಾಗ ಸಾರ್?" ಎಂದು ಆ ಮಹಡಿಗೆಲ್ಲ ಕೇಳುವ ಹಾಗೆ ಕೇಳಿ ಹೋಗುತ್ತಿದ್ದಳು. ಅವಳಿಗೆ ಉತ್ತರ ಕೊಡುವುದಕ್ಕಿಂತ ರೋಲರ್ ಕಳಿಸುವುದೇ ಸುಲಭ ಎಂದು ಅವರಿಗೆ ಅನಿಸುವ ಹೊತ್ತಿಗೆ ಬೇಸಿಗೆ ಮುಗಿಯುತ್ತ ಬಂದಿತ್ತು.

ರೋಲರ್ ಬಂದ ದಿನ ಅವಳು ರಜೆ ಹಾಕಿ ಕಾಲುವೆಯ ದಂಡೆಯಲ್ಲಿ ಛತ್ರಿ ಹಿಡಿದು ನಿಂತಳು. ಮಣ್ಣಿಗೆ ನೀರು ಚಿಮುಕಿಸಿದರು, ಜಲ್ಲಿ ಹಾಸಿದರು. ರೋಲರ್ ಹಿಂದೆ ಮುಂದೆ ಓಡಾಡಿತು. ಓಡಿಸುವವನು ಆಯಿತೆಂದು ಇಂಜಿನ್ ಆರಿಸಲು ಹೋದ. ಅವಳು ಚಪ್ಪಲಿ ಕಳಚಿ ಅಂಚಿನ ಮೇಲೆ ನಡೆದು, ಹಿಮ್ಮಡಿಯಿಂದ ಜೋರಾಗಿ ಗುದ್ದಿ ನೋಡಿದಳು.

"ಇಲ್ಲಿ ಇನ್ನೂ ಮೆತ್ತಗಿದೆ. ಇನ್ನೊಂದು ಸಲ ಹೊಡಿಯಪ್ಪಾ."

"ಅಮ್ಮಾ, ಆಗ್ಲೇ ಎಷ್ಟು ಸಲ..."

"ಇನ್ನೊಂದು ಸಲ ಅಂದೆ."

ಅವನು ಗೊಣಗುತ್ತಾ ರೋಲರನ್ನು ತಿರುಗಿಸಿದ. ಅವಳು ದಂಡೆಗೆ ಸರಿದು, ಆ ದೊಡ್ಡ ಗಾಲಿ ತನ್ನ ಮುಂದೆ ಹಾದು ಹೋಗುವವರೆಗೂ ಕಣ್ಣು ಕೀಳದೆ ನೋಡುತ್ತಾ ನಿಂತಳು.